ಬಡವನಹಳ್ಳಿ ದಾಟಿದ ಮೇಲೆ ನಿಲ್ಲುವ ಕಾರು

ಅಕ್ಕನನ್ನು ವಾರಕ್ಕೆರಡು ಸಲ ಮಧುಗಿರಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವ ಕೆಲಸ ನನ್ನ ತಲೆಗೆ ಬಂದದ್ದು, ನಮ್ಮ ಮನೆಯಲ್ಲಿ ಕಾರು ಓಡಿಸಲು ಬರುವುದು ನನಗೊಬ್ಬಳಿಗೇ ಎಂಬ ಕಾರಣಕ್ಕೆ. ಅಪ್ಪ ಕುರಿಮಂದೆ ಹೊಡೆದುಕೊಂಡು ನಿಡುಗಲ್ಲಿನ ಕಡೆ ಹೋದರೆ ತಿಂಗಳುಗಟ್ಟಲೆ ತಿರುಗಿ ಬರುವುದಿಲ್ಲ. ಅವ್ವನಿಗೆ ಬಸ್ಸಿನ ಬೋರ್ಡು ಓದಲು ಬಾರದು. ನಾನು ಮದುವೆಯ ಗೋಜಿಗೆ ಹೋಗದೆ, ಊರ ಪಕ್ಕದ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿಕೊಂಡು, ಸಂಜೆ ಮನೆಗೆ ಬಂದು ಕಾಲು ಚಾಚಿ ಕೂರುತ್ತಿದ್ದವಳು. ಗಂಡ ಸತ್ತ ಮೇಲೆ ಅಕ್ಕ ತವರಿಗೆ ಬಂದಳು, ಅವಳ ಹಿಂದೆಯೇ ಅವಳ ಕಿಡ್ನಿಯ ಕಾಯಿಲೆ ಬಂತು. ಅಲ್ಲಿಂದಾಚೆ ನನ್ನ ಮಂಗಳವಾರ, ಶುಕ್ರವಾರಗಳು ನನ್ನವಾಗಿ ಉಳಿಯಲಿಲ್ಲ.

ಬಸ್ಸಿನಲ್ಲಿ ಹೋಗಿ ನೋಡಿದ್ದೆವು. ಹೋಗುವಾಗ ಹೇಗೋ ಆಗುತ್ತಿತ್ತು, ಬರುವಾಗ ಅಕ್ಕ ಕಂಬಿ ಹಿಡಿದು ನಿಂತಲ್ಲೇ ಕುಸಿದಳು. ಊರಿನ ಆಟೋದವನು ಕೆಲವು ಸಲ ಬಂದ, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಹಾಗಾಗಿ ಕಾರು. ಯಾರೋ ಓಡಿಸಿ ಬೇಸತ್ತು ಮಾರಿದ್ದನ್ನು ನಾನು ಶಾಲೆಗೆ ಹೋಗಿ ಬರಲು ಸಾಕು ಅಂತ ಕೊಂಡಿದ್ದೆ. ಹಳೆಯ ಸಣ್ಣ ಪೆಟ್ರೋಲ್ ಗಾಡಿ. ಹಿಂದಿನ ಬಾಗಿಲು ಒಳಗಿನಿಂದ ಮಾತ್ರ ತೆಗೆಯುತ್ತದೆ. ಪೆಟ್ರೋಲ್ ಹಾಕುವ ಜಾಗದ ಮೇಲಿನ ತಗಡಿನ ಬಾಗಿಲು ನನ್ನ ಕೈಗೆ ಬರುವ ಮೊದಲೇ ಮುರಿದುಹೋಗಿ, ಒಳಗಿನ ಕಪ್ಪು ಮುಚ್ಚಳ ದಾರಿಹೋಕರಿಗೆಲ್ಲ ಕಾಣುತ್ತಿತ್ತು.

ಆ ಕಾರನ್ನು ಮೊದಲ ದಿನ ಮನೆಮುಂದೆ ತಂದು ನಿಲ್ಲಿಸಿದಾಗ ಅವ್ವ ಸುತ್ತ ಒಂದು ಸುತ್ತು ಬಂದು, “ಇದು ತಿನ್ನಾದು ಎಲ್ಲಿಂದ ಕಣೆ?” ಅಂತ ಕೇಳಿದಳು. ನಾನು ಖುಷಿಯಲ್ಲಿದ್ದೆ. ಪೆಟ್ರೋಲಿನ ಮುಚ್ಚಳ ತೋರಿಸಿದೆ. ಅವ್ವ ಒಳಗೆ ಹೋಗಿ ಎಣ್ಣೆಯಲ್ಲಿ ಕಲಸಿದ ಅರಿಶಿನದ ಬಟ್ಟಲು ತಂದು ಆ ಮುಚ್ಚಳಕ್ಕೆ ಹಚ್ಚಿದಳು. ನಮ್ಮ ಮನೆಯಲ್ಲಿ ಮಂದೆ ದೂರ ಹೊರಡುವ ದಿನ ಮುಂದಾಳು ಟಗರಿನ ಮೂತಿಗೆ ಹೀಗೇ ಅರಿಶಿನ ಸವರಿ ಕಳಿಸುವುದು. ಊರು ಬಿಟ್ಟು ಹೋದ ಕುರಿ ಎಲ್ಲೆಲ್ಲಿಯದೋ ಮೇಯುತ್ತದೆ, ಏನೇನೋ ಕುಡಿಯುತ್ತದೆ, ಕೇಡೆಲ್ಲ ಬಾಯಿಂದಲೇ ಒಳಗೆ ಹೋಗುತ್ತದೆ ಅನ್ನುವುದು ಅವ್ವನ ಲೆಕ್ಕ. ಕಾರಿಗೂ ಅದೇ ಲೆಕ್ಕ ಹಾಕಿದಳು. ನನಗೆ ನಗು ಬಂತು, ಹಾಳಾಗಿ ಹೋಗಲಿ ಅಂತ ಸುಮ್ಮನಾದೆ.

ಮಧುಗಿರಿಗೆ ಹೋಗುವುದು ಶುರುವಾದ ಮೇಲೆ ಅದು ಪ್ರತಿ ಸಲದ ಕೆಲಸವಾಯಿತು. ಬೆಳಗ್ಗೆ ನಾನು ಕಾರು ಹೊರಗೆ ತೆಗೆಯುತ್ತಿದ್ದ ಹಾಗೆ ಅವ್ವ ಬಟ್ಟಲು ಹಿಡಿದು ಬರುತ್ತಿದ್ದಳು. ಮೊದಲು ನನ್ನ ಕೆನ್ನೆಗೆ ಒಂದಿಷ್ಟು ಸವರುವಳು. ಆಮೇಲೆ ಕಾರಿನ ಬಾಯಿಗೆ. ಆಮೇಲೆ ಅಕ್ಕ ಕೂತಿದ್ದ ಕಿಟಕಿಯ ಹತ್ತಿರ ಬರುವಷ್ಟರಲ್ಲಿ ಬಟ್ಟಲು ಸೆರಗಿನ ಕೆಳಗೆ ಹೋಗಿರುತ್ತಿತ್ತು. ಗಂಡನಿಲ್ಲದವಳಿಗೆ ಅರಿಶಿನ ಹಚ್ಚುವಂತಿಲ್ಲ. ಅದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಅಕ್ಕ ಅಷ್ಟು ಹೊತ್ತು ಇನ್ನೊಂದು ಕಡೆಯ ಕಿಟಕಿಯಿಂದ ಬೀದಿ ನೋಡುತ್ತ ಕೂರುತ್ತಿದ್ದಳು. “ಹುಷಾರಾಗಿ ಹೋಗ್ಬನ್ನಿ” ಅಂತ ಅವ್ವ ಬರಿಗೈಯಲ್ಲಿ ಬಾಗಿಲು ತಟ್ಟಿದ ಮೇಲೆ ನಾವು ಹೊರಡುವುದು.

ನಮ್ಮೂರು ಶಿರಾ ಮತ್ತು ಬಡವನಹಳ್ಳಿಯ ನಡುವೆ ಇದೆ. ಬಡವನಹಳ್ಳಿಯವರೆಗೂ ಕಾರು ಚೆನ್ನಾಗಿಯೇ ಹೋಗುತ್ತಿತ್ತು. ಸಂತೆ ಬೀದಿ ದಾಟಿ, ಶೇಂಗಾ ಹೊಲಗಳ ನಡುವಿನ ನೇರ ರಸ್ತೆ ಮುಗಿಸಿ, ಹುಣಸೆಮರಗಳ ದಿಣ್ಣೆ ಹತ್ತುವಾಗ ಒಂದು ಸಲ ಮುಗ್ಗರಿಸಿದ ಹಾಗೆ ಆಗುವುದು. ಆಕ್ಸಿಲರೇಟರ್ ಒತ್ತಿದರೆ ಇನ್ನೊಂದು ಸಲ ಮುಗ್ಗರಿಸುವುದು. ಆಮೇಲೆ ಸದ್ದಿಲ್ಲದೆ ನಿಂತುಬಿಡುವುದು. ಸೆಲ್ಫ್ ಹೊಡೆದರೆ ಕರಕರ ಅನ್ನುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಬಾನೆಟ್ ಎತ್ತಿ ನೋಡುವುದು, ಬ್ಯಾಟರಿಯ ವೈರು ಅಲ್ಲಾಡಿಸುವುದು, ಪ್ಲಗ್ಗಿನ ಟೋಪಿ ಒತ್ತುವುದು, ಮತ್ತೆ ಸೆಲ್ಫ್ ಹೊಡೆಯುವುದು. ಅರ್ಧ ಗಂಟೆಯೋ ಇನ್ನೂ ಹೆಚ್ಚೋ ಕಾದ ಮೇಲೆ ತನ್ನಷ್ಟಕ್ಕೆ ತಾನೇ ಸ್ಟಾರ್ಟ್ ಆಗಿ, ಏನೂ ಆಗಿಲ್ಲವೆನ್ನುವ ಹಾಗೆ ಮಧುಗಿರಿಯವರೆಗೂ ಹೋಗುವುದು. ಅಷ್ಟರಲ್ಲಿ ಅಲ್ಲಿ ಅಕ್ಕನ ಸರದಿ ಹೋಗಿರುತ್ತಿತ್ತು.

ಅಲ್ಲಿ ಮಿಷನ್ನುಗಳು ಕಡಿಮೆ, ಕಾಯುವವರು ಜಾಸ್ತಿ. ಹೇಳಿದ ಹೊತ್ತಿಗೆ ನಾವಿಲ್ಲದಿದ್ದರೆ ಹೊರಗೆ ಕೂತವರಲ್ಲಿ ಯಾರನ್ನಾದರೂ ಮಲಗಿಸುತ್ತಾರೆ. ಅದರಲ್ಲಿ ತಪ್ಪು ಹಿಡಿಯಲು ಏನಿದೆ? ಅವರೂ ನಮ್ಮ ಹಾಗೆ ಊದಿದ ಕಾಲು ಎಳೆದುಕೊಂಡು ಬಂದವರೇ. ನಾವು ಸಂಜೆಯ ಸರದಿಯವರೆಗೆ ಬೆಂಚಿನ ಮೇಲೆ ಕೂರಬೇಕು. ಕೆಲವು ಸಲ ಸಂಜೆಗೂ ಜಾಗ ಸಿಗದೆ ಹಾಗೇ ವಾಪಸ್ ಬಂದದ್ದೂ ಉಂಟು. ಹಾಗೆ ಬಂದ ಮೇಲೆ ಮುಂದಿನ ಸರದಿಯವರೆಗೆ ಅಕ್ಕನಿಗೆ ಮಲಗಿದರೆ ಉಸಿರು ಸಿಗದು, ಕೂತರೆ ಸೊಂಟ ನಿಲ್ಲದು. ಕುಡಿಯುವ ನೀರೂ ಅಳತೆಯದು. ಬಾಟಲಿಯ ಮುಚ್ಚಳದಲ್ಲಿ ಬಗ್ಗಿಸಿಕೊಂಡು, ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗುತ್ತಿದ್ದಳು. ಅದನ್ನು ನೋಡಿದರೆ ನನಗೆ ಬಾಯಾರಿಕೆ ಆದಾಗಲೂ ನೀರು ಕುಡಿಯಲು ಮನಸ್ಸಾಗುತ್ತಿರಲಿಲ್ಲ.

ಕಾರು ನಿಂತಾಗಲೆಲ್ಲ ಮನೆಗೆ ಬಂದು ಹೇಳುತ್ತಿದ್ದೆವು. ಅವ್ವ ಕೇಳಿ ಕೇಳಿ, ಮುಂದಿನ ಸಲ ಅರಿಶಿನವನ್ನು ಇನ್ನೂ ದಪ್ಪಗೆ ಹಚ್ಚುತ್ತಿದ್ದಳು.

ಶಿರಾದ ಮೆಕ್ಯಾನಿಕ್ ಒಬ್ಬರ ಹತ್ತಿರ ಗಾಡಿ ಬಿಟ್ಟು ಬಂದೆ. ಪ್ಲಗ್ ಬದಲಾಯಿಸಿದರು, ಫಿಲ್ಟರ್ ಬದಲಾಯಿಸಿದರು, ಕಾರ್ಬುರೇಟರ್ ಬಿಚ್ಚಿ ತೊಳೆದರು. ಊರೊಳಗೆ ಎರಡು ರೌಂಡ್ ಹೊಡೆದು ತಂದು, “ಏಕ್‌ದಂ ಫಸ್ಟ್ ಕ್ಲಾಸ್ ಐತೆ ಮೇಡಂ, ಫಿಕರ್ ಮಾಡಬ್ಯಾಡಿ” ಅಂದರು. ಅವರ ಕೈಯಲ್ಲಿ ಅದು ನಿಲ್ಲಲೇ ಇಲ್ಲ. ಶುಕ್ರವಾರ ಹುಣಸೆಮರದ ದಿಣ್ಣೆಯಲ್ಲಿ ನಿಂತಿತು. ಮತ್ತೆ ಅವರ ಹತ್ತಿರ ಹೋದೆ, ಪೆಟ್ರೋಲ್ ಪಂಪು ಬದಲಾಯಿಸಿದರು. ಮಂಗಳವಾರ ಮತ್ತೆ ನಿಂತಿತು. ದಿಣ್ಣೆಯಲ್ಲೇ ಏನಾದರೂ ಇರಬೇಕು, ನಿಂಬೆಹಣ್ಣು ಚಕ್ರದಡಿ ಇಡಿ ಅಂದವರೂ ಇದ್ದರು. ಇಟ್ಟೆ. ನಿಂಬೆಹಣ್ಣು ಜಜ್ಜಿಹೋಯಿತು, ಕಾರು ನಿಂತಿತು.

ನನ್ನನ್ನು ನಿಜವಾಗಿ ರೇಗಿಸುತ್ತಿದ್ದವರು ದಾರಿಯಲ್ಲಿ ಹೋಗುವ ಗಂಡಸರು. ಬಾನೆಟ್ ಎತ್ತಿ ನಿಂತ ಹೆಂಗಸನ್ನು ಕಂಡರೆ ಮೊಪೆಡ್ಡಿನವನಾಗಲಿ, ಟ್ರ್ಯಾಕ್ಟರಿನವನಾಗಲಿ, ಮೇಕೆ ಹೊಡೆದುಕೊಂಡು ಹೋಗುವ ಅಜ್ಜನಾಗಲಿ, ಒಂದೇ ಮಾತು.

“ಪೆಟ್ರೋಲ್ ಐತೇನಮ್ಮ?”

ನಾನು ಹಿಂದಿನ ಸಂಜೆಯೇ ಬಂಕಿಗೆ ಹೋಗಿ ಟ್ಯಾಂಕು ತುಂಬಿಸಿ ಬರುತ್ತಿದ್ದೆ. ರೋಗಿಯನ್ನು ಕೂರಿಸಿಕೊಂಡು ಹೋಗುವವಳು ಪೆಟ್ರೋಲ್ ನೋಡದೆ ಹೊರಡುತ್ತೀನಾ? “ಐತೆ ಸ್ವಾಮಿ” ಅನ್ನುತ್ತಿದ್ದೆ. “ಒಂದ್ಸಲ ನೋಡು ತಾಯಿ, ಕೆಲವೊಂದ್ಸಲ ಮುಳ್ಳು ಸುಳ್ಳು ತೋರಿಸ್ತದೆ” ಅನ್ನುವರು. ನನ್ನ ಮುಖ ನೋಡಿ ಮುಂದಕ್ಕೆ ಹೋಗುವರು. ನಾನು ಹಟಕ್ಕೆ ಬಿದ್ದು ಒಂದು ದಿನವೂ ದಾರಿಯಲ್ಲಿ ಆ ಮುಚ್ಚಳ ತೆಗೆದು ನೋಡಲಿಲ್ಲ; ಬಂಕಿನಲ್ಲಿ ಅದನ್ನು ತೆಗೆದು ಹಾಕುತ್ತಿದ್ದವನು ಅಲ್ಲಿನ ಹುಡುಗ.

ಅಕ್ಕ ಇದಕ್ಕೆಲ್ಲ ಏನೂ ಅನ್ನುತ್ತಿರಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮೊದಮೊದಲು ಕಾರು ನಿಂತರೆ ಇಳಿದು ನೆರಳಿಗೆ ಹೋಗುತ್ತಿದ್ದಳು. ಆಮೇಲೆ ಇಳಿಯುವುದನ್ನೂ ಬಿಟ್ಟಳು. ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚುತ್ತಿದ್ದಳು. ಇನ್ನೊಂದು ಸಂಗತಿ ನನ್ನ ಗಮನಕ್ಕೆ ಬಂದಿತ್ತು. ಮುಂದಿನ ಸಲ ಯಾವಾಗ, ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಅವಳು ಯಾವತ್ತೂ ಕೇಳುತ್ತಿರಲಿಲ್ಲ. ಹಿಂದಿನ ರಾತ್ರಿ ನಾನು ಹೇಳಬೇಕು, ಬೆಳಗ್ಗೆ ನಾನು ಎಬ್ಬಿಸಬೇಕು, ಸೀರೆ ಕೈಗೆ ಕೊಡಬೇಕು. ಕೊಟ್ಟರೆ ಉಡುತ್ತಾಳೆ. ಕೊಡದಿದ್ದರೆ ಗೋಡೆ ಕಡೆ ತಿರುಗಿ ಮಲಗುತ್ತಾಳೆ.

ಒಂದು ಮಂಗಳವಾರ ಸಂಜೆಯವರೆಗೂ ಕಾದು, ಜಾಗ ಸಿಗದೆ ಬರಿದೇ ವಾಪಸಾಗುತ್ತಿದ್ದಾಗ ಅವಳಾಗಿಯೇ ಮಾತಾಡಿದಳು.

“ಲೇ, ಒಂದ್ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ.”

“ಹೇಳು.”

“ಇನ್ನೊಂದ್ಸಲ ಇದು ದಿಣ್ಣೆ ಮ್ಯಾಲೆ ನಿಂತ್ರೆ ಗಾಡಿ ತಿರುಗಿಸ್ಬುಡು. ಮನೆಗೆ ಹೋಗಾನ. ಆಮ್ಯಾಕೆ ನನ್ನ ಕರೀಬ್ಯಾಡ. ನಂಗೆ ಸಾಕಾಗೈತೆ ಕಣೆ. ನಿಂಗೂ ಸಾಕಾಗೈತೆ, ನೀನು ಹೇಳಲ್ಲ ಅಷ್ಟೇ.”

ಹೋಗುವುದನ್ನು ನಿಲ್ಲಿಸಿದರೆ ಏನಾಗುತ್ತದೆ ಅನ್ನುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೆಚ್ಚು ದಿನ ಇರುವುದಿಲ್ಲ. ಹಾಗೆಲ್ಲ ಮಾತಾಡಬೇಡ ಅಂತ ರೇಗಬೇಕು ಅನ್ನಿಸಿತು. ಆದರೆ ನನಗೂ ಸಾಕಾಗಿದೆ ಅನ್ನುವುದು ಸುಳ್ಳಾಗಿರಲಿಲ್ಲ. ಶಾಲೆಯಲ್ಲಿ ರಜೆ ಕೇಳಿ ಕೇಳಿ ಹೆಡ್‌ಮಾಸ್ಟರ ಮುಖ ನೋಡಿ ಸಾಕಾಗಿತ್ತು, ಬಾನೆಟ್ಟಿನ ಬಿಸಿಗೆ ಕೈ ಸುಟ್ಟುಕೊಂಡು ಸಾಕಾಗಿತ್ತು, ದೂರದಲ್ಲಿ ಮಧುಗಿರಿಯ ಬೆಟ್ಟ ಕಂಡು ಕಂಡು ಸಾಕಾಗಿತ್ತು. ಆದರೆ ಅಕ್ಕ ಇಲ್ಲದ ಮನೆಗೆ ಸಂಜೆ ಬಂದು ಕಾಲು ಚಾಚಿ ಕೂರುವುದೂ ನನಗೆ ಬೇಕಿರಲಿಲ್ಲ. ಕತ್ತಲಾಗುತ್ತಿತ್ತು, ಹೆಡ್‌ಲೈಟ್ ಹಾಕಿ ಗಾಡಿ ಓಡಿಸಿದೆ.

ಆ ಶುಕ್ರವಾರ ಬೆಳಗ್ಗೆ ಬೇಗ ಹೊರಟೆವು. ಹಿಂದಿನ ಸಂಜೆ ಟ್ಯಾಂಕು ತುಂಬಿಸಿದ್ದೆ. ಅವ್ವ ನನ್ನ ಕೆನ್ನೆಗೆ ಸವರಿ, ಕಾರಿನ ಬಾಯಿಗೆ ಎರಡು ಕೈಯಿಂದ ಮೆತ್ತಿ, ಬಟ್ಟಲು ಸೆರಗಿನಡಿ ಇಟ್ಟುಕೊಂಡು ಕಿಟಕಿ ತಟ್ಟಿದಳು. ಅಕ್ಕ ಬೀದಿ ನೋಡುತ್ತಿದ್ದಳು. ಬಡವನಹಳ್ಳಿ ಬಂತು, ಹೋಯಿತು. ನಾನು ಸ್ಟೇರಿಂಗ್ ಎಷ್ಟು ಬಿಗಿಯಾಗಿ ಹಿಡಿದಿದ್ದೆ ಅಂದರೆ ಬೆರಳು ಜೋಮು ಹಿಡಿದಿದ್ದವು. ದಿಣ್ಣೆ ಶುರುವಾಗುವಲ್ಲಿ ಗೇರು ಇಳಿಸಿದೆ. ಒಂದು ಸಲ ಮುಗ್ಗರಿಸಿತು. ಬೇಡ ಕಣಪ್ಪ, ಇವತ್ತು ಬೇಡ ಅಂತ ಬೇಡಿಕೊಂಡೆ. ಇನ್ನೊಂದು ಸಲ ಮುಗ್ಗರಿಸಿ ನಿಂತುಬಿಟ್ಟಿತು.



“ತಿರುಗಿಸು” ಅಂದಳು ಅಕ್ಕ.

“ನಿಂತಿರೋ ಗಾಡೀನ ಹೆಂಗೆ ತಿರುಗಿಸ್ಲಿ? ಹೊತ್ಕೊಂಡು ತಿರುಗಿಸ್ಲಾ?”

“ಹೊರಟ ಮ್ಯಾಲೆ ತಿರುಗಿಸು. ನಾನು ಹೇಳಿದ್ದೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೆಳಗಿನಿಂದ ಹೊತ್ತ ಹೊರೆ ಇಳಿಸಿದವಳ ಹಾಗಿತ್ತು. ನನಗೆ ಅದನ್ನು ತಡೆಯಲಾಗಲಿಲ್ಲ. ಕೆಳಗಿಳಿದು ಬಾಗಿಲು ಬಡಿದೆ. ಬಾನೆಟ್ ಎತ್ತಲು ಮನಸ್ಸಾಗಲಿಲ್ಲ. ಎತ್ತಿ ನೋಡುವುದು ಏನಿದೆ? ಅಷ್ಟರಲ್ಲಿ ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡು ಒಬ್ಬ ಮೊಪೆಡ್ಡಿನವನು ಬಂದು, ಒಂದು ಕಾಲು ನೆಲಕ್ಕೆ ಊರಿ ನಿಂತ. ಅವನ ಬಾಯಿಂದ ಏನು ಬರುತ್ತದೆ ಅಂತ ನನಗೆ ಗೊತ್ತಿತ್ತು.

“ಪೆಟ್ರೋಲ್ ಐತೇನಮ್ಮ?”

“ಬನ್ನಿ ಸ್ವಾಮಿ, ಬನ್ನಿ” ಅಂದೆ. “ನೀವೇ ನೋಡ್ಬುಡಿ. ಐತೋ ಇಲ್ವೋ ನೀವೇ ಕಣ್ಣಾರೆ ನೋಡಿ ಊರಿಗೆಲ್ಲ ಹೇಳ್ಬುಡಿ.”

ಪಾಪ, ಅವನು ಗಾಬರಿಯಾದ. ನಾನು ಬೀಗದ ಕೈ ಹಿಡಿದು ಪೆಟ್ರೋಲ್ ಮುಚ್ಚಳಕ್ಕೆ ಹೋದೆ. ಅರಿಶಿನ ಮೆತ್ತಿ ಮೆತ್ತಿ, ಅದರ ಮೇಲೆ ರಸ್ತೆಯ ಧೂಳು ಕೂತು, ಮುಚ್ಚಳ ಹೊಲದ ಬದುವಿನ ದೇವರ ಕಲ್ಲಿನ ಹಾಗಾಗಿತ್ತು. ಬೀಗ ತಿರುಗಿಸಿ ಎಳೆದೆ, ಬರಲಿಲ್ಲ. ಒಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ ಬಿಗಿಯಾಗಿತ್ತು. ಇದ್ದಬದ್ದ ಸಿಟ್ಟೆಲ್ಲ ಹಾಕಿ ಎಳೆದೆ. ಸುಯ್ ಅಂತ ದೊಡ್ಡದಾಗಿ ಉಸಿರೆಳೆದುಕೊಂಡು ಮುಚ್ಚಳ ಕೈಗೆ ಬಂತು. ಒಳಗಿನಿಂದ ಗಾಳಿ ಹೊರಗೆ ಬರಲಿಲ್ಲ, ಹೊರಗಿನ ಗಾಳಿ ಒಳಗೆ ನುಗ್ಗಿತು. ಅಂಗೈಗೆ ಅದು ಗೊತ್ತಾಯಿತು.

ಎಣ್ಣೆ ಡಬ್ಬ ನೆನಪಾಯಿತು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದು ಬಗ್ಗಿಸಿದರೆ ಎಣ್ಣೆ ಸರಿಯಾಗಿ ಬೀಳುವುದಿಲ್ಲ, ಗಾಳಿ ಹೋಗಲು ಇನ್ನೊಂದು ತೂತು ಬೇಕು. ಇದನ್ನು ನಾನು ಏಳನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡುವವಳು. ಮುಚ್ಚಳ ತಿರುಗಿಸಿ ನೋಡಿದೆ. ಒಳಮೈಯಲ್ಲಿ ಸಣ್ಣ ತೂತು ಕಂಡಿತು. ಹೊರಗಡೆ ಅದೇ ತೂತಿನ ಬಾಯಿ ಇರಬೇಕಾದಲ್ಲಿ ಉಗುರಿನಿಂದ ಕೆರೆದರೆ ಹಳದಿ ಹೆಕ್ಕಳಿಕೆ ಎದ್ದು ಬಂತು. ಪೆಟ್ರೋಲ್ ಖರ್ಚಾದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕಿತ್ತು, ಬರುವ ದಾರಿಯನ್ನು ಅವ್ವ ಮುಚ್ಚಿದ್ದಳು. ದಿಣ್ಣೆ ತಲುಪುವಷ್ಟರಲ್ಲಿ ಪೆಟ್ರೋಲ್ ಇಂಜಿನ್ನಿಗೆ ಹರಿಯುವುದೇ ನಿಲ್ಲುತ್ತಿತ್ತು. ಅರ್ಧ ಗಂಟೆ ನಿಂತರೆ ಎಲ್ಲಿಂದಲೋ ಅಷ್ಟಿಷ್ಟು ಗಾಳಿ ನುಸುಳಿ ಗಾಡಿ ಮತ್ತೆ ಹೊರಡುತ್ತಿತ್ತು. ನಿಂತಾಗಲೆಲ್ಲ ಅವ್ವ ಇನ್ನಷ್ಟು ಹಚ್ಚಿದಳು, ಹಚ್ಚಿದಷ್ಟೂ ಅದು ನಿಂತಿತು.

ಮುಚ್ಚಳ ಕೈಯಲ್ಲೇ ಹಿಡಿದು ಒಳಗೆ ಕೈ ಹಾಕಿ ಸೆಲ್ಫ್ ಹೊಡೆದೆ. ಒಂದೆರಡು ಸಲ ಕರಕರ ಅಂದು ಹಿಡಿದುಕೊಂಡಿತು.

“ಪೆಟ್ರೋಲ್ ಐತೆ ಕಣಮ್ಮ, ತುಂಬ ಐತೆ” ಅಂತ ಮೊಪೆಡ್ಡಿನವನು ಇಣುಕಿ ನೋಡಿ ಹೇಳಿ, ಇವಳ ಸಹವಾಸವೇ ಬೇಡ ಅಂತ ಹೊರಟುಹೋದ.

“ಏನಾಗಿತ್ತು?” ಅಂತ ಅಕ್ಕ ಕಣ್ಣು ಬಿಟ್ಟಳು. ನಾನು ಮುಚ್ಚಳವನ್ನು ಅವಳ ಮಡಿಲಲ್ಲಿ ಇಟ್ಟು ಹೇಳಿದೆ. ಅವಳು ಅರಿಶಿನದ ಹೆಕ್ಕಳಿಕೆಯನ್ನು ಬೆರಳಿನಲ್ಲಿ ಮುಟ್ಟಿ ನೋಡಿದಳು. ಮೊದಲು ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳ ನಗು ಕೇಳಿದ್ದು. ಆಮೇಲೆ ನಗು ನಿಂತಿತು. ಸೆರಗಿನ ಪಿನ್ನು ತೆಗೆದು ಆ ತೂತನ್ನು ಚುಚ್ಚಿ ಬಿಡಿಸಿ, ಮುಚ್ಚಳ ನನ್ನ ಕೈಗೆ ಕೊಟ್ಟಳು.

“ತಿರುಗಿಸ್ಲಾ?” ಅಂತ ಕೇಳಿದೆ.

ಅವಳು ಪಿನ್ನನ್ನು ಮತ್ತೆ ಸೆರಗಿಗೆ ಚುಚ್ಚಿಕೊಂಡಳು. ನಾನು ಮಧುಗಿರಿಯ ಕಡೆಗೇ ಓಡಿಸಿದೆ. ಸರದಿಯ ಹೊತ್ತಿಗೆ ಸರಿಯಾಗಿ ತಲುಪಿದೆವು.

ಸಂಜೆ ಮನೆಗೆ ಬಂದವಳು ಅವ್ವನ ಮೇಲೆ ಹರಿಹಾಯ್ದೆ. ಇಷ್ಟು ದಿನ ದಿಣ್ಣೆಯ ಮೇಲೆ ಬೆಂದದ್ದು ನಿನ್ನಿಂದ, ಅಕ್ಕನ ಸರದಿ ತಪ್ಪಿದ್ದು ನಿನ್ನಿಂದ, ಬೇಡದ ಉಸಾಬರಿ ನಿನಗೆ ಯಾಕೆ ಅಂತ ಬಾಯಿಗೆ ಬಂದಂತೆ ಅಂದೆ. ಅವ್ವ ರಾಗಿಮುದ್ದೆ ತಿರುವುತ್ತಿದ್ದವಳು ಕೋಲು ಬಿಟ್ಟು ಕೂತಳು. ಅವಳಿಗೆ ಗಾಳಿ, ತೂತು ಅರ್ಥವಾಯಿತೋ ಇಲ್ಲವೋ, ತಾನು ಹಚ್ಚಿದ್ದರಿಂದ ಗಾಡಿ ನಿಂತಿತು ಅನ್ನುವುದು ಮಾತ್ರ ಅರ್ಥವಾಗಿತ್ತು.

“ಅವ್ಳಿಗಂತೂ ನಾನು ಹಚ್ಚಂಗಿಲ್ಲ” ಅಂದಳು, ನೆಲ ನೋಡುತ್ತ. “ಅವ್ಳನ್ನ ಹೊತ್ಕೊಂಡೋಗೋ ಗಾಡಿಗಾದ್ರೂ ಹಚ್ಚಾನ ಅಂತಿದ್ದೆ.”

ಅಕ್ಕ ಒಳಕೋಣೆಯಲ್ಲಿ ಮಲಗಿದ್ದಳು. ಬಾಗಿಲು ತೆರೆದೇ ಇತ್ತು. ನಾನೇ ಕೋಲು ತೆಗೆದುಕೊಂಡು ಮುದ್ದೆ ತಿರುವಿದೆ. ಮುದ್ದೆ ಗಂಟುಗಂಟಾಗಿತ್ತು, ಮೂವರೂ ಹಾಗೇ ಉಂಡೆವು.

ಮಂಗಳವಾರ ಬೆಳಗ್ಗೆ ಕಾರು ಹೊರಗೆ ತೆಗೆದೆ. ಮುಚ್ಚಳವನ್ನು ಸೀಮೆಎಣ್ಣೆ ಹಾಕಿ ಉಜ್ಜಿ ಕಪ್ಪಗೆ ಮಾಡಿಟ್ಟಿದ್ದೆ. ಅವ್ವ ಬಟ್ಟಲು ಹಿಡಿದು ಬಂದಳು, ಅಭ್ಯಾಸ ಬಿಡಬೇಕಲ್ಲ. ನನ್ನ ಕೆನ್ನೆಗೆ ಸವರಿದಳು. ಆಮೇಲೆ ಕಾರಿನ ಹಿಂದಕ್ಕೆ ಹೋಗಿ, ಬೆರಳಿನಲ್ಲಿ ಅರಿಶಿನ ಹಿಡಿದುಕೊಂಡು, ಎಲ್ಲಿ ಒರೆಸುವುದು ಅಂತ ತಿಳಿಯದವಳ ಹಾಗೆ ನಿಂತಳು. ಬಾನೆಟ್ಟಿಗೆ ಹಚ್ಚು ಅಂತ ನಾನು ಹೇಳಬೇಕೆಂದಿದ್ದೆ.

ಅಕ್ಕ ಕಿಟಕಿಯ ಗಾಜು ಇಳಿಸಿದಳು.

“ಅವ್ವಾ, ಇಲ್ಲಿ ಬಾ.”

ಅವ್ವ ಬಟ್ಟಲನ್ನು ಸೆರಗಿನ ಕೆಳಗೆ ಸೇರಿಸಿಕೊಂಡು ಹತ್ತಿರ ಬಂದಳು. ಅಕ್ಕ ಕೈ ಹೊರಗೆ ಚಾಚಿ ಸೆರಗು ಸರಿಸಿ, ಬಟ್ಟಲು ಹೊರಗೆ ತೆಗೆದಳು. ಮುಖವನ್ನು ಕಿಟಕಿಯಿಂದ ಆಚೆಗೆ ತಂದಳು. ಊದಿದ, ಬಣ್ಣಗೆಟ್ಟ ಮುಖ.

“ಹಚ್ಚು.”

ಎದುರಿನ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದ ಹೆಂಗಸರು ಇತ್ತಲೇ ನೋಡುತ್ತಿದ್ದರು. ಅವ್ವನೂ ಅವರನ್ನು ನೋಡಿದಳು. “ಬ್ಯಾಡ ಕಣವ್ವ, ನೋಡೋರು ಏನಂತಾರೆ” ಅಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

“ಅವ್ರೇನು ನನ್ನ ಮಧುಗಿರಿಗೆ ಕರ್ಕೊಂಡೋಗ್ತಾರಾ? ಬಾಯಿಗಲ್ವಾ ನೀನು ಹಚ್ಚಾದು, ಹಚ್ಚು. ಹಚ್ಚದಿದ್ರೆ ಇಳಿದ್ಬುಡ್ತೀನಿ.”

ಅವ್ವ ಹಚ್ಚಿದಳು. ಮೊದಲು ಒಂದು ಬೆರಳಿನಿಂದ, ಆಮೇಲೆ ಇಡೀ ಅಂಗೈಯಿಂದ. ಎರಡು ಕೆನ್ನೆಗೂ, ಗಲ್ಲಕ್ಕೂ, ಬಾಯಿಯ ಸುತ್ತಲೂ ಸವರಿದಳು. ಇಷ್ಟು ವರ್ಷದ ಬಾಕಿ ಅರಿಶಿನವನ್ನೆಲ್ಲ ಒಂದೇ ಸಲ ಹಚ್ಚುವವಳ ಹಾಗೆ ಬಟ್ಟಲು ಮುಗಿಯುವವರೆಗೂ ಹಚ್ಚಿದಳು. ಅವಳು ಅಳುತ್ತಿದ್ದಳು, ಕೈ ಮಾತ್ರ ನಿಲ್ಲಲಿಲ್ಲ. ನಲ್ಲಿಯ ಹತ್ತಿರ ಯಾರದೋ ಬಿಂದಿಗೆ ತುಂಬಿ ಹರಿಯುತ್ತಿತ್ತು. ನನಗೂ ಕಣ್ಣು ಮಂಜಾಗಿ, ಗಾಡಿಯನ್ನು ಗೇರಿಗೆ ಹಾಕಲು ಸ್ವಲ್ಪ ಹೊತ್ತು ಬೇಕಾಯಿತು.

ಬಡವನಹಳ್ಳಿ ದಾಟಿತು. ಶೇಂಗಾ ಹೊಲಗಳು ಮುಗಿದವು. ದಿಣ್ಣೆಯ ಬುಡದಲ್ಲಿ ಗೇರು ಇಳಿಸಿದೆ. ಅಕ್ಕ ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟು ಮುಂದೆ ಬಾಗಿ ಕೂತಳು. ಕಾರು ಒಂದು ಸಲವೂ ಮುಗ್ಗರಿಸದೆ ಹುಣಸೆಮರಗಳನ್ನು ಹಿಂದೆ ಹಾಕಿ ಮೇಲಕ್ಕೆ ಹೋಯಿತು. ಅವಳು ಹಿಂದಕ್ಕೆ ಒರಗಿದಳು. ಸೀಟಿನ ಬಟ್ಟೆಗೆ, ಬೆಲ್ಟಿಗೆ, ಗಾಜಿಗೆ ಎಲ್ಲ ಕಡೆ ಹಳದಿ ಆಗಿತ್ತು. ಒರೆಸಲು ನನಗೆ ಆಮೇಲೆಯೂ ಮನಸ್ಸಾಗಲಿಲ್ಲ.

ದಿಣ್ಣೆ ಇಳಿದು, ದೂರದಲ್ಲಿ ಮಧುಗಿರಿಯ ಬೆಟ್ಟ ಕಂಡಾಗ ಅಕ್ಕ ಕೇಳಿದಳು.

“ಶುಕ್ರವಾರ ಎಷ್ಟೊತ್ತಿಗೆ ಹೊರಡಾನ?”